ತೇಲಿ ಬರಬೇಕಿದ್ದ ದ್ವೀಪ

“ನಾನು ಒಂದು ಮಾತು ಕೇಳಿದ್ರೆ ಸಾಕು, ಆ ದ್ವೀಪಾನೇ ತೇಲ್ಕೊಂಡು ಬಂದು ನಮ್ಮನೆ ಬಾಗಿಲಲ್ಲಿ ನಿಲ್ಲುತ್ತೆ!”

ದೂನಿಗಿರಿಯ ಕಡಲದಂಡೆಯಲ್ಲಿ ಹಗ್ಗ ಹೆಣೆದ ಕುರ್ಚಿಯ ಮೇಲೆ ಕೂತು ಜಾದುಲ್ಲಾ ಈ ಮಾತನ್ನು ಎಷ್ಟು ಸಲ ಹೇಳಿದ್ದನೆಂದರೆ ಪಕ್ಕದ ತೆಂಗಿನಮರಕ್ಕೂ ಅದು ಬಾಯಿಪಾಠವಾಗಿತ್ತು. ನಡುವೆ ಅವನಿಗೆ ಕೆಮ್ಮು ಬಂದರೆ ಉಳಿದರ್ಧವನ್ನು ಮರವೇ ಹೇಳಿ ಮುಗಿಸುತ್ತಿತ್ತು ಎಂದು ಆಣೆ ಮಾಡುವವರೂ ಊರಲ್ಲಿದ್ದರು.

ದ್ವೀಪವೆಂದರೆ ಎದುರಿನ ದ್ವೀಪ. ಊರವರ ಬಾಯಲ್ಲಿ ಬರೀ ‘ಆಚೆದಂಡೆ’. ಮಾಲ್ದೀವ್ಸಿನ ರಾಜಧಾನಿ ಮಾಲೆಯಿಂದ ದೂನಿಗಿರಿಗೆ ಬರಬೇಕಾದರೆ ಅರ್ಧ ದಿನ ದೋಣಿಯಲ್ಲಿ ಕರುಳು ಕಕ್ಕಬೇಕು. ಆಚೆದಂಡೆಯ ರೆಸಾರ್ಟಿಗೆ ಬರುವವರು ಮಾತ್ರ ನೀರಿನ ಮೇಲಿಳಿಯುವ ವಿಮಾನದಲ್ಲಿ ಬಂದು, ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಸಮುದ್ರದ ತಳಕ್ಕೆ ಇಳಿಯುತ್ತಾರೆ. ಅವರನ್ನು ಇಳಿಸುವ ದೋಣಿಯನ್ನು ಜಾದುಲ್ಲಾ ಗಡ್ಡ ಬೆಳ್ಳಗಾಗುವ ತನಕ ನಡೆಸಿದ್ದ. ಮನೆಗೆ ಬರುತ್ತಿದ್ದದ್ದು ಶುಕ್ರವಾರ ಮಾತ್ರ. ಬಂದಾಗ ಮೀನಿಗಿಂತ ಹೆಚ್ಚು ಕತೆ ತರುತ್ತಿದ್ದ. ಅಲ್ಲಿಯ ಮ್ಯಾನೇಜರು ಇವನನ್ನು ಕೇಳದೆ ಚಹಾಕ್ಕೆ ಸಕ್ಕರೆ ಹಾಕಿಕೊಳ್ಳುತ್ತಿರಲಿಲ್ಲವಂತೆ. ಒಂದು ಶಾರ್ಕ್ ಇವನ ಶಿಳ್ಳೆಗೆ ಬಾಲ ಆಡಿಸುತ್ತಿತ್ತಂತೆ. ಶುಕ್ರವಾರ ಇವನು ಊರಿಗೆ ಹೊರಟರೆ ಅದೂ ರಜೆ ಹಾಕುತ್ತಿತ್ತಂತೆ. ಆ ದ್ವೀಪದ ಮರಳಿನ ಕಣಕಣಕ್ಕೂ ಇವನ ಹೆಸರು ಗೊತ್ತಂತೆ. ಕಣ್ಣು ಕಟ್ಟಿ ಬಿಟ್ಟರೂ ಯಾವ ಮೂಲೆಗೆ ಬೇಕಾದರೂ ಹೋಗಿ ಮುಟ್ಟುವನಂತೆ.

ಇಷ್ಟರ ನಡುವೆ ಮಾಮೂಲಿ ಮನುಷ್ಯ ಆಡುವಂಥ ಮಾತು ಒಂದೇ ಒಂದಿತ್ತು: “ಕೆಲಸ ಬಿಟ್ಟ ಮೇಲೆ ರುಗಿಯ್ಯಾನ ಅಲ್ಲಿಗೆ ಕರ್ಕೊಂಡು ಹೋಗಿ ಅತಿಥಿ ಹಾಗೆ ಕೂರಿಸ್ತೀನಿ.”

ಈ ಮಾತನ್ನು ಊರು ನಂಬಲಿಲ್ಲ. ತೆಂಗಿನಮರವೂ ನಂಬಲಿಲ್ಲ. ಗಂಟು ಹಾಕಿಕೊಂಡು ಇಟ್ಟವಳು ರುಗಿಯ್ಯಾ ಒಬ್ಬಳೇ.

ರುಗಿಯ್ಯಾ ಅವನ ಹೆಂಡತಿ. ಬೆಳಗಿನ ನಮಾಜು ಮುಗಿಸಿ ತೆಂಗಿನಕಡ್ಡಿಯ ಪೊರಕೆ ಹಿಡಿದು ಕಡಲದಂಡೆ ಗುಡಿಸಲು ನಿಂತರೆ ಅವಳ ಕಣ್ಣೆದುರಿಗೇ ಆಚೆದಂಡೆ. ಗಂಡನನ್ನು ವಾರಕ್ಕೆ ಆರು ದಿನ ಇಟ್ಟುಕೊಂಡ ಸವತಿಯ ಮನೆ ಅದು. ಸಂಜೆಯಾದರೆ ಅಲ್ಲಿ ದೀಪದ ಸಾಲು ಹತ್ತುತ್ತಿತ್ತು, ಯಾರೋ ಕಡಲ ಮೇಲೆ ಚಪ್ಪರ ಹಾಕಿ ಮದುವೆ ಮಾಡುವುದನ್ನೇ ಮರೆತ ಹಾಗೆ. ಅವಳು ಒಮ್ಮೆಯೂ ಅಲ್ಲಿ ಕಾಲಿಟ್ಟವಳಲ್ಲ. ಊರ ಗಂಡಸರು ದುಡಿಯಲು ಹೋಗುವ ಜಾಗಕ್ಕೆ ಊರ ಹೆಂಗಸರು ಹೋಗುವ ರೂಢಿ ಇರಲಿಲ್ಲ.

ಅವಳಿಗೆ ಅಲ್ಲಿಯ ಹಾಸಿಗೆ ಬೇಕಿರಲಿಲ್ಲ, ಊಟ ಬೇಕಿರಲಿಲ್ಲ. ಅವಳಿಗೆ ಬೇಕಿದ್ದದ್ದು ಒಂದು ಮಾತು ನಿಜವೋ ಸುಳ್ಳೋ ಎಂದು ನೋಡುವುದು.

ಅವಳ ಚೊಚ್ಚಲ ಮಗು ಅಫೀಫ್. ಇನ್ನೂ ಬೋರಲು ಬೀಳಲು ಕಲಿಯುವ ವಯಸ್ಸು. ಒಂದು ಮಧ್ಯಾಹ್ನ ಜ್ವರ ನೆತ್ತಿಗೇರಿ ಸೆಳೆತ ಬಂತು. ಊರಲ್ಲಿ ಡಾಕ್ಟರಿಲ್ಲ, ಆಚೆದಂಡೆಯಲ್ಲಿದ್ದ. ಊರ ದೋಣಿಗಳೆಲ್ಲ ಟ್ಯೂನಾ ಹಿಡಿಯಲು ದೂರ ಹೋಗಿದ್ದವು. ಆದರೆ ಜಾದುಲ್ಲಾನ ದೋಣಿ ಮಾತ್ರ ಅಲ್ಲೇ, ಎರಡು ದ್ವೀಪಗಳ ನಡುವಿನ ಹವಳದ ದಿಬ್ಬದ ಹತ್ತಿರ ನಿಂತಿತ್ತು. ಬಟ್ಟೆ ಬೀಸಿದರೆ ಕಾಣುವಷ್ಟು ದೂರ. ಅಲೆಯಲ್ಲಿ ಮಗುವನ್ನು ಒಯ್ಯುವಂತಿರಲಿಲ್ಲವೆಂದು ರುಗಿಯ್ಯಾಳ ಅಣ್ಣ ಒಬ್ಬನೇ ಪುಟ್ಟ ದೋಣಿಗೆ ಹುಟ್ಟು ಹಾಕಿಕೊಂಡು ಹೋಗಿ ಸುದ್ದಿ ಮುಟ್ಟಿಸಿದ. ಮರಳಿ ಬಂದಾಗ ಅವನ ಕೈಯಲ್ಲಿ ಬೊಬ್ಬೆ, ಬಾಯಲ್ಲಿ ಒಂದು ಮಾತು: “ಕೆಳಗೆ ಜನ ಇದ್ದಾರಂತೆ. ಅವರು ಮೇಲೆ ಬಂದ ಕೂಡ್ಲೆ ಬರ್ತಾನಂತೆ.”

ಜನ ಮೇಲೆ ಬಂದರು, ದೋಣಿಯೂ ಬಂತು. ಅಫೀಫ್ ಕಾಯಲಿಲ್ಲ.

ಆಮೇಲೆ ಮಗಳು ಶಫೀಗಾ ಹುಟ್ಟಿದಳು, ಬೆಳೆದಳು, ಮದುವೆಯಾಗಿ ಮಾಲೆಗೆ ಹೋದಳು. ಆ ದಿನದ ಬಗ್ಗೆ ಜಾದುಲ್ಲಾ ಹೇಳಿದ್ದು ಯಾವಾಗಲೂ ಇಷ್ಟೇ, “ಕೆಳಗೆ ಜನ ಇದ್ರು.” ನೂರು ಸುಳ್ಳಿನ ಮನುಷ್ಯನ ಈ ಒಂದು ಮಾತನ್ನು ರುಗಿಯ್ಯಾ ತಿರುಗಿಸಿ ಮುರುಗಿಸಿ ನೋಡುತ್ತಲೇ ಉಳಿದಳು.

ಕೆಲಸ ಬಿಟ್ಟು ಬಂದವನು ಕುರ್ಚಿಯಲ್ಲಿ ಕೂತ ಮಾರನೆಯ ದಿನವೇ ಕೇಳಿದಳು. ಗಂಡನನ್ನು ಅವಳು ಕರೆಯುತ್ತಿದ್ದದ್ದು ‘ಶಫೀಗಾಳ ಅಪ್ಪ’ ಎಂದೇ.

“ಶಫೀಗಾ ಬಾಪ್ಪಾ, ರಜೆ ಯಾವಾಗ?”

“ಯಾವ ರಜೆ?”

“ಅತಿಥಿ ಹಾಗೆ ಕೂರಿಸ್ತೀನಿ ಅಂದಿದ್ರಲ್ಲ, ಆ ರಜೆ.”

“ಈಗ ಗಾಳಿ ಜೋರು ಕಣೇ.”

ಗಾಳಿ ನಿಂತ ಮೇಲೆ ಸೆಖೆ ಜೋರಾಯಿತು. ಸೆಖೆ ತಗ್ಗಿದಾಗ ಉಪವಾಸದ ತಿಂಗಳು ಬಂತು. ಹಬ್ಬ ಮುಗಿದ ಮೇಲೆ ಸೊಂಟ ಹಿಡಿಯಿತು. ಸೊಂಟ ಸರಿಹೋದಾಗ, “ನಾನು ಹೋದ್ರೆ ಮ್ಯಾನೇಜರಿಗೇ ಮುಜುಗರ. ಇಂಥವನನ್ನ ಎಲ್ಲಿ ಕೂರಿಸೋದು ಅಂತ ಅವನಿಗೆ ನಿದ್ದೆ ಬರಲ್ಲ” ಎಂದ.

“ನೆಲದ ಮೇಲೆ ಕೂತ್ಕೊಳ್ಳಿ” ಎಂದಳು ರುಗಿಯ್ಯಾ. ಅಂದೇ ಮಗಳಿಗೆ ಫೋನು ಮಾಡಿದಳು.

ಮಳೆಗಾಲದಲ್ಲಿ ಹೊರದೇಶದವರು ಬರುವುದು ಕಡಿಮೆ. ಖಾಲಿ ಕೋಣೆಯಲ್ಲಿ ಸೊಳ್ಳೆ ಮಲಗುವುದಕ್ಕಿಂತ ಊರವರು ಮಲಗಿದರೆ ವಾಸಿಯೆಂದು ರೆಸಾರ್ಟಿನವರು ಆಗ ದರ ಇಳಿಸುತ್ತಾರೆ. ಶಫೀಗಾ ಒಂದು ರಾತ್ರಿಗೆ ಕೋಣೆ ಹಿಡಿದಳು. ಅಮ್ಮ ಹೇಳಿದಂತೆ ಡೈವಿಂಗ್ ದೋಣಿಯಲ್ಲಿ ಇಬ್ಬರಿಗೆ ಜಾಗವನ್ನೂ ಹಿಡಿದಳು.

ಸುದ್ದಿ ಹರಡಲು ದೂನಿಗಿರಿಯಲ್ಲಿ ಫೋನು ಬೇಕಿಲ್ಲ, ಪಕ್ಕದ ಮನೆಯ ದಲೇಕಾ ಇದ್ದಾಳೆ. ಎಲೆ-ಅಡಿಕೆ ತಟ್ಟೆ ಹಿಡಿದುಕೊಂಡೇ ಬಂದಳು. ರುಗಿಯ್ಯಾ ಅವಳಿಗೆ ‘ದತ್ತಾ’, ಅಂದರೆ ಅಕ್ಕ.

“ಇಬ್ಬರೇ ಹೋಗ್ತೀರಾ ದತ್ತಾ? ಇಬ್ಬರೇ ಹೋಗಿ ಏನು ಮಾಡ್ತೀರಿ? ಜಗಳ ಬಂದ್ರೆ ಬಿಡಿಸೋರು ಯಾರು?”

“ಸಮುದ್ರ ಇದೆಯಲ್ಲ.”

“ಅಲ್ಲಿ ಸ್ನಾನದ ಮನೆಗೆ ಮಾಡೇ ಇಲ್ವಂತೆ! ನಕ್ಷತ್ರ ನೋಡ್ಕೊಂಡು ನೀರು ಹುಯ್ಕೋಬೇಕಂತೆ. ಅಲ್ಲಾ, ನಮ್ಮ ಬಚ್ಚಲಿಗೆ ಮಾಡು ಹಾಕ್ಸೋಕೆ ನನ್ನ ಗಂಡ ಮುದುಕನೇ ಆಗಿಹೋದ. ಅವರು ಮಾಡು ತೆಗೆದಿದ್ದಕ್ಕೆ ದುಡ್ಡು ತಗೋತಾರಲ್ಲೇ!” ದಲೇಕಾ ನಕ್ಕ ನಗೆಗೆ ಅಂಗಳದ ಕೋಳಿಗಳು ಬೇಲಿ ಹಾರಿದವು. “ರಿಹಾಕುರು ಒಂದು ಸೀಸೆ ಇಟ್ಕೋ. ಅವರ ಊಟಕ್ಕೆ ರುಚಿ ಇರಲ್ಲ, ಬರೀ ಬಣ್ಣ.”

ರುಗಿಯ್ಯಾ ಮೀನಿನ ರಸ ಬತ್ತಿಸಿ ಮಾಡಿದ ಆ ಕಪ್ಪು ಗೊಜ್ಜನ್ನು ಸೀಸೆಗೆ ತುಂಬಿ, ಬಟ್ಟೆಯ ನಡುವೆ ಸಿಕ್ಕಿಸಿದಳು.

“ಅಷ್ಟಕ್ಕೂ ಅಲ್ಲಿ ಏನು ನೋಡ್ತೀಯ?”

“ದೋಣಿ.”

“ನಮ್ಮೂರಲ್ಲಿ ದೋಣಿಗೆ ಬರವೇನೇ?”

“ಜನ ಕೆಳಗಿದ್ದಾಗ ನಿಂತಿರುತ್ತಲ್ಲ, ಆ ದೋಣಿ. ಅದು ನಿಜಕ್ಕೂ ಬಿಟ್ಟು ಬರೋಕೆ ಆಗಲ್ವಾ ಅಂತ ನೋಡಬೇಕು.”

ದಲೇಕಾ ಎಲೆ-ಅಡಿಕೆ ತಟ್ಟೆ ಕೆಳಗಿಟ್ಟು, ಸೀಸೆಯ ಮುಚ್ಚಳವನ್ನು ಇನ್ನೊಮ್ಮೆ ಬಿಗಿದು ಕೊಟ್ಟಳು.

ಹೊರಡುವ ದಿನ ಜಾದುಲ್ಲಾ ಮದುವೆಯ ಅಂಗಿ ಹಾಕಿಕೊಂಡ. ಆಚೆದಂಡೆಯ ಕಟ್ಟೆಯಲ್ಲಿಳಿದಾಗ ಯಾರೋ ತಣ್ಣನೆಯ ಒದ್ದೆ ಟವೆಲು ಕೊಟ್ಟರು. ಅವನು ಅಭ್ಯಾಸಬಲದಿಂದ ಅದರಲ್ಲಿ ಕಟ್ಟೆಯ ಕಂಬ ಒರೆಸಿದ. ಮ್ಯಾನೇಜರು ಬರಲಿಲ್ಲ. “ಹೊಸಬ, ಪಾಪ” ಎಂದ ಜಾದುಲ್ಲಾ. “ಬಾ, ಕೋಣೆ ಎಲ್ಲಿದೆ ಅಂತ ನಾನೇ ತೋರಿಸ್ತೀನಿ. ಕಣ್ಣು ಕಟ್ಟಿ ಬಿಟ್ರೂ…”

ಕಣ್ಣು ಕಟ್ಟಿ ಬಿಟ್ಟಿದ್ದರೇ ಚೆನ್ನಾಗಿತ್ತು. ಅವನ ಕಾಲುಗಳು ತಮ್ಮಷ್ಟಕ್ಕೆ ದಾಸವಾಳದ ಬೇಲಿಯ ಹಿಂದೆ ತಿರುಗಿ, ಎಂಜಿನ್ನಿನ ಸದ್ದು ಹಾದು, ಅಡುಗೆಮನೆಯ ಹಿಂದಿನ ಕಸದ ಪೀಪಾಯಿಗಳ ಮುಂದೆ ತಂದು ನಿಲ್ಲಿಸಿದವು. ಕಾವಲಿನವನು ‘ಬೇಬೆ’, ಅಂದರೆ ಅಣ್ಣಾ, ಎಂದು ಕೂಗುತ್ತ ಓಡಿ ಬಂದ.

“ಬೇಬೆ, ಅತಿಥಿಗಳು ಈ ಕಡೆ ಬರೋಹಾಗಿಲ್ಲ!”

‘ಆ ಕಡೆ ಹೋಗೋಹಾಗಿಲ್ಲ’ ಎನ್ನುವುದನ್ನೇ ಬಾಳೆಲ್ಲ ಕೇಳಿದ್ದ ಕಿವಿ ಅದು. ಜಾದುಲ್ಲಾ ಅಲ್ಲೇ ನಿಂತ. ಬೇಲಿಯ ಆಚೆಗೆ ಅತಿಥಿಗಳ ದಾರಿ ಬಿಳಿ ಮರಳಿನಲ್ಲಿ ಹೊಳೆಯುತ್ತಿತ್ತು. ಅದು ಎತ್ತ ಹೋಗುತ್ತದೆಂದು ಅವನಿಗೆ ಗೊತ್ತಿರಲಿಲ್ಲ. ಒಂದು ವೀಳ್ಯ ಜಗಿದು ಮುಗಿಯುವುದರೊಳಗೆ ಸುತ್ತಿ ಬರಬಹುದಾದ ದ್ವೀಪದಲ್ಲಿ ಅವನು ದಾರಿ ತಪ್ಪಿದ್ದ. ಕಾವಲಿನವನೇ ಮುಂದೆ ನಡೆದು ಕೋಣೆ ತೋರಿಸಿದ. ಸವತಿಯ ಮನೆಯಲ್ಲಿ ಗಂಡ ಮಲಗುತ್ತಿದ್ದದ್ದು ಜಗುಲಿಯಲ್ಲಿ ಎಂದು ರುಗಿಯ್ಯಾಳಿಗೆ ಗೊತ್ತಾಯಿತು. ಕೊಂಚ ಕನಿಕರವೂ ಬಂತು, ಅದನ್ನು ತೋರಿಸಲಿಲ್ಲ.

ಮಾರನೆಯ ಬೆಳಿಗ್ಗೆ ದೋಣಿ ಹತ್ತಿದರು. ನಡೆಸುವವನು ಲುತ್ಫೀ, ಅಫೀಫ್ ಹುಟ್ಟುವ ಮೊದಲಿಂದಲೂ ಜಾದುಲ್ಲಾನ ಕೈಕೆಳಗೆ ಹಗ್ಗ ಸುತ್ತುತ್ತಿದ್ದವನು. ಅದೇ ಹವಳದ ದಿಬ್ಬ. ನಾಲ್ಕಾರು ಮಂದಿ ಕಪ್ಪು ರಬ್ಬರಿನ ಬಟ್ಟೆ ತೊಟ್ಟು, ಕೊಕ್ಕರೆ ಕಾಲಿಗೆ ಬಾತುಕೋಳಿ ಪಾದ ಕಟ್ಟಿಕೊಂಡು ಹಿಂದುಮುಂದಾಗಿ ನೀರಿಗೆ ಬಿದ್ದರು. ಗುಳ್ಳೆಗಳು ಎದ್ದವು. ದೋಣಿ ನಿಂತಿತು.

ರುಗಿಯ್ಯಾ ತಲೆಯೆತ್ತಿ ನೋಡಿದಳು. ದೂನಿಗಿರಿಯ ದಂಡೆ ಸ್ಪಷ್ಟವಾಗಿ ಕಾಣುತ್ತಿತ್ತು. ಅವಳ ತೆಂಗಿನಮರ, ಅದರಡಿ ಖಾಲಿ ಕುರ್ಚಿ, ಒಣಹಾಕಿದ ಹಳದಿ ಬಟ್ಟೆ, ಎಲ್ಲ. ಇಲ್ಲಿಂದ ಎಲ್ಲವೂ ಕಾಣುತ್ತದೆ.

ಅವಳು ಹೊಟ್ಟೆ ಹಿಡಿದುಕೊಂಡು ಬಾಗಿದಳು. “ಅಯ್ಯೋ! ಲುತ್ಫೀ, ದೋಣಿ ತಿರುಗ್ಸಪ್ಪಾ. ಪ್ರಾಣ ಹೋಗ್ತಿದೆ.”

ನೋವು ಸುಳ್ಳು. ಆದರೆ ಅಷ್ಟು ವರ್ಷ ಒಳಗಿಟ್ಟುಕೊಂಡು ಅಭ್ಯಾಸವಿದ್ದುದರಿಂದ ನಟಿಸಲು ಶ್ರಮವಾಗಲಿಲ್ಲ.

ಜಾದುಲ್ಲಾ ಧಡಕ್ಕನೆ ಎದ್ದ. “ಹೇಗೆ ತಿರುಗ್ಸೋದು ಕಣೇ! ಕೆಳಗೆ ಜನ ಇದ್ದಾರೆ!”

“ನಿಜ ದತ್ತಾ” ಎಂದ ಲುತ್ಫೀ. “ಜನ ಕೆಳಗಿದ್ದಾಗ ದೋಣಿ ಬಿಡೋಹಾಗಿಲ್ಲ. ಮೇಲೆ ಬಂದಾಗ ದೋಣಿ ಇಲ್ದಿದ್ರೆ ಸೆಳೆತಕ್ಕೆ ಸಿಕ್ಕಿ ಎಲ್ಲಿಗೋ ಹೋಗ್ತಾರೆ.”

ರುಗಿಯ್ಯಾಳ ಎದೆಯ ಗಂಟು ಸಡಿಲವಾಯಿತು. ಹಾಗಾದರೆ ಸುಳ್ಳಲ್ಲ. ನೂರು ಸುಳ್ಳಿನ ಮನುಷ್ಯ ಆಡಿದ ಒಂದೇ ನಿಜ ಅದು. ಪಕ್ಕದಲ್ಲಿ ಕಂಗಾಲಾಗಿ ನಿಂತ ಗಂಡನ ಕೈಯನ್ನು ಇನ್ನೇನು ಹಿಡಿಯಬೇಕು, ಅಷ್ಟರಲ್ಲಿ ಲುತ್ಫೀ ಕೈಗೆ ವೈರ್‌ಲೆಸ್ ತೆಗೆದುಕೊಂಡ.

“ಅತಿಥಿಗೆ ಹುಷಾರಿಲ್ಲ. ಬೇಗ ಸ್ಪೀಡ್ ಬೋಟ್ ಕಳಿಸಿ, ಡಾಕ್ಟರನ್ನೂ ಹತ್ತಿಸಿ.”

ಹಿಡಿಯಲು ಹೊರಟ ಕೈ ಮಡಿಲಿಗೆ ಮರಳಿತು. ಆಚೆದಂಡೆಯ ಕಡೆಯಿಂದ ನೀರು ಸೀಳಿಕೊಂಡು ಒಂದು ಬಿಳಿ ಗೆರೆ ಹೊರಟೇಬಿಟ್ಟಿತು. ತಲೆಯ ಬಟ್ಟೆ ಸರಿಮಾಡಿಕೊಳ್ಳುವಷ್ಟರಲ್ಲಿ ಬೋಟು ಪಕ್ಕದಲ್ಲಿತ್ತು. ಡಾಕ್ಟರು ಚೀಲ ಹಿಡಿದು ನಿಂತಿದ್ದ.

ರುಗಿಯ್ಯಾ ನೆಟ್ಟಗೆ ಕೂತಳು.

“ಲುತ್ಫೀ, ಆಗಿನ ದೋಣೀಲೂ ಇದು ಇತ್ತಾ?”

“ವೈರ್‌ಲೆಸ್ಸಾ? ಇತ್ತಲ್ಲ ದತ್ತಾ, ಇದಕ್ಕಿಂತ ದೊಡ್ಡದು. ಬೇಬೆ ಪಕ್ಕದಲ್ಲೇ ತೂಗ್ತಿರೋದು.”

“ಬೋಟು?”

“ಅದೂ ಇತ್ತು.”

ಅವಳು ಗಂಡನ ಕಡೆ ತಿರುಗಿದಳು. “ಅವತ್ತು ಕೇಳಿದ್ರಾ?”

“ಅದು ಅತಿಥಿಗಳ ಕೆಲಸಕ್ಕೆ ಇಟ್ಟಿದ್ದು ಕಣೇ. ನಮ್ಮನೆ ವಿಷಯಕ್ಕೆ… ಹೇಗೆ ಕೇಳೋದು? ಏನಂದ್ಕೋತಾರೆ ಅಂತ…”

“ಕೇಳಿದ್ರಾ?”

“ಇಲ್ಲ.”

ತನಗೆ ಏನೂ ಆಗಿಲ್ಲವೆಂದು ಡಾಕ್ಟರಿಗೆ ಹೇಳಿ ಅವಳು ಸ್ಪೀಡ್ ಬೋಟು ಹತ್ತಿದಳು, ಹಿಂದೆಯೇ ಜಾದುಲ್ಲಾನೂ. ಆಚೆದಂಡೆಗೆ ಬೇಡ, ದೂನಿಗಿರಿಗೆ ಬಿಡಿ ಎಂದಳು. ಅತಿಥಿಯ ಮಾತು, ಬೋಟು ಮರುಮಾತಿಲ್ಲದೆ ತಿರುಗಿತು. ಗಾಳಿಗೆ ಜಾದುಲ್ಲಾನ ಮದುವೆಯ ಅಂಗಿ ಹಾಯಿಯಂತೆ ಉಬ್ಬಿತು, ಒಳಗಿದ್ದ ಮನುಷ್ಯ ಮಾತ್ರ ಇಳಿದುಹೋಗಿದ್ದ.

ಊರ ದಂಡೆ ಹತ್ತಿರವಾಗುತ್ತಿದ್ದಂತೆ ಅವನ ನಾಲಿಗೆ ಹಳೆಯ ಜಾಡು ಹಿಡಿಯಿತು. ಬೇರೆ ದಾರಿ ಅದಕ್ಕೆ ಗೊತ್ತಿರಲಿಲ್ಲ.

“ಬೇಜಾರು ಮಾಡ್ಕೋಬೇಡ. ಇನ್ನೂ ಏನು ಬೇಕು ಹೇಳು. ನಾನು ಒಂದು ಮಾತು ಕೇಳಿದ್ರೆ ಆ ದ್ವೀಪಾನೇ…”

“ದ್ವೀಪ ಯಾರಿಗೆ ಬೇಕಾಗಿತ್ತು ಶಫೀಗಾ ಬಾಪ್ಪಾ?” ಎಂದಳು ರುಗಿಯ್ಯಾ. “ಒಂದು ದೋಣಿ ಕೇಳಿದ್ರೆ ಸಾಕಿತ್ತು.”