ಮರದ ವಿಮಾನದ ಬಾಗಿಲು

ಎವ್ಸೇಯ್ ಸಾವ್ವಿಚ್ ಮೂವತ್ತು ವರ್ಷ ವಿಮಾನ ಕಟ್ಟಿದ. ಒಂದೂ ನೆಲ ಬಿಟ್ಟು ಮೇಲೇಳಲಿಲ್ಲ. ಅದಕ್ಕಾಗಿ ಅವನನ್ನು ಯಾರೂ ಬೈಯಲೂ ಇಲ್ಲ. ವೋಲ್ಗಾ ದಂಡೆಯ ಆ ಕಾರ್ಖಾನೆಯಲ್ಲಿ ಅವನ ಕಸುಬೇ ಅದು. ಹೊಸ ವಿಮಾನದ ನಕ್ಷೆ ಬಂದರೆ, ಲೋಹ ಮುಟ್ಟುವ ಮೊದಲು ಅದೇ ಅಳತೆಯಲ್ಲಿ ಮರದ್ದೊಂದನ್ನು ಮಾಡಿ ನಿಲ್ಲಿಸಬೇಕು. ಪೈಲಟ್‌ಗಳೂ ಅಧಿಕಾರಿಗಳೂ ಅದನ್ನು ಹತ್ತಿ ಇಳಿದು ಕೊಂಕು ಹುಡುಕುತ್ತಾರೆ. ಒಪ್ಪಿಗೆ ಬಿತ್ತೋ, ಮರದ್ದು ಒಲೆಗೆ. ಹಿಮದ ಮೇಲೆ ಎಳೆಯುವ ಜಾರುಬಂಡಿ ಮಾಡುವ ಮನೆತನದಲ್ಲಿ ಹುಟ್ಟಿ, ಹದಿನೆಂಟಕ್ಕೆ ಊರು ಬಿಟ್ಟು ಬಂದವನು ಅವನು. ಶಾಲೆಯ ಮುಖ ಕಂಡದ್ದು ಎರಡೇ ಚಳಿಗಾಲ. ಆದರೆ ಅವನ ಕೈಗೆ ತಿಳಿದ ಅಳತೆ ಕಾಗದಕ್ಕೂ ತಿಳಿದಿರಲಿಲ್ಲ.

ಹೆಂಡತಿ ಪೆಲಗೇಯಾ, ಅವನ ಬಾಯಲ್ಲಿ ಪೋಲ್ಯಾ, ಅದೇ ಕಾರ್ಖಾನೆಯವಳು. ಯುದ್ಧದ ಕಾಲದಲ್ಲಿ ಒಲೆಯಿಲ್ಲದ ಷೆಡ್ಡಿನಲ್ಲಿ ನಿಂತು ರೆಕ್ಕೆಗಳಿಗೆ ಬಟ್ಟೆ ಹೊಲಿದಳು. ಮೂರು ಚಳಿಗಾಲ ತಡೆದುಕೊಂಡ ಕಾಲುಗಳು ನಾಲ್ಕನೆಯದರಲ್ಲಿ ಸೋತುಹೋದವು. ಅಲ್ಲಿಂದಾಚೆ ಎಂಟು ವರ್ಷ ಎವ್ಸೇಯ್ ದಿನಾ ಅವಳನ್ನು ಎತ್ತಿ ಕೂರಿಸಿ, ಟೀ ಕಾಸಿ ಕೊಟ್ಟೇ ಕೆಲಸಕ್ಕೆ ಹೊರಡುತ್ತಿದ್ದ.

ಆ ಮಾರ್ಚಿನಲ್ಲಿ ಬಂದದ್ದು ದೂರದ ಹಳ್ಳಿಗಳಿಂದ ರೋಗಿಗಳನ್ನು ತರುವ ಪುಟ್ಟ ವಿಮಾನದ ನಕ್ಷೆ. ಎವ್ಸೇಯ್ ಅದರ ಬಾಗಿಲನ್ನು ನಕ್ಷೆಗಿಂತ ನಾಲ್ಕು ಬೆರಳು ಅಗಲ ಮಾಡಿದ. ಅಧಿಕಾರಿಗಳು ಬರುವ ಹಿಂದಿನ ದಿನ, ನಕ್ಷೆ ಬರೆದ ರೋಸ್ತಿಸ್ಲಾವ್ ಮಿರೊನೊವಿಚ್ ಬಂದು ಟೇಪು ಹಿಡಿದ; ಮುಖ ಕೆಂಡವಾಯಿತು.

"ಏನ್ರೀ ಸಾವ್ವಿಚ್, ಕಣ್ಣು ಮಂಜಾಯ್ತಾ? ಅರವತ್ತು ಸೆಂಟಿಮೀಟರ್ ಅಂತ ಬರ್ದಿದೀನಿ!"

"ಕಣ್ಣು ನೆಟ್ಟಗಿದೆ ಸ್ವಾಮಿ. ನಿಮ್ಮ ಬಾಗಿಲೇ ಸಣ್ಣದು."

"ಸ್ಟ್ರೆಚರ್ ಇರೋದೇ ಐವತ್ತೈದು. ಅಗಲ ಮಾಡಿದ್ರೆ ತೂಕ ಏರುತ್ತೆ, ಒಂದೊಂದು ಗ್ರಾಂಗೂ ಮೇಲಿನೋರು ನನ್ನ ಜೀವ ತಿಂತಾರೆ. ಸಂಜೆ ಒಳಗೆ ಸರಿ ಮಾಡಿ. ಇಲ್ಲಾಂದ್ರೆ ನಾಳೆಯಿಂದ ಗೋದಾಮಲ್ಲಿ ಪೆಟ್ಟಿಗೆಗೆ ಮೊಳೆ ಹೊಡೀರಿ!"

"ಸ್ಟ್ರೆಚರ್ ತಾನೇ ನಡ್ಕೊಂಡು ಹೋಗುತ್ತಾ? ಹೊರೋನ ಕೈ ಎಲ್ಲಿಡ್ಬೇಕು? ಸಂಜೆವರ್ಗೂ ಟೈಮಿದೆಯಲ್ಲ, ನನ್ನ ಹೆಂಡ್ತೀನ ಕರ್ಕೊಂಡು ಬರ್ತೀನಿ. ನೀವೇ ಹೊತ್ತು ನೋಡಿ."

ಮಧ್ಯಾಹ್ನ ಕುರಿತೊಗಲಿನ ಕೋಟಿನಲ್ಲಿ ಸುತ್ತಿ, ಜಾರುಬಂಡಿಯ ಮೇಲೆ ಅವಳನ್ನು ಎಳೆದು ತಂದ. ಗೇಟಿನ ಮುದುಕ ಅವಳನ್ನು ಕಂಡದ್ದೇ ಬಾಯಿ ಅಗಲಿಸಿದ.

"ಏನಮ್ಮಾ ಪೆಲಗೇಯಾ, ಎಂಟು ವರ್ಷ ಲೇಟಾಗಿ ಬಂದ್ಯಲ್ಲ ಕೆಲ್ಸಕ್ಕೆ!"

"ದಾರೀಲಿ ಹಿಮ ಜಾಸ್ತಿ ಇತ್ತಪ್ಪಾ," ಅಂದಳು ಅವಳು.

ಎವ್ಸೇಯ್ ಚೌಕಟ್ಟಿಗೆ ಎರಡು ಪಟ್ಟಿ ಬಡಿದು ಬಾಗಿಲನ್ನು ಸರಿಯಾಗಿ ಅರವತ್ತಕ್ಕೆ ತಂದ. ಪೆಲಗೇಯಾಳನ್ನು ಸ್ಟ್ರೆಚರ್ ಮೇಲೆ ಮಲಗಿಸಿ, ಮುಂದಿನ ತುದಿ ರೋಸ್ತಿಸ್ಲಾವ್ ಹಿಡಿದ, ಹಿಂದಿನದು ಎವ್ಸೇಯ್. ಮೆಟ್ಟಿಲ ಮೇಲೆ ಕಾಲಿಟ್ಟು ಒಳಹೊಕ್ಕುವಾಗ ರೋಸ್ತಿಸ್ಲಾವನ ಬೆರಳ ಗೆಣ್ಣುಗಳು ಚೌಕಟ್ಟಿಗೆ ಉಜ್ಜಿ ಚರ್ಮ ಸುಲಿಯಿತು, ಕೈ ಸಡಿಲಾಯಿತು, ಸ್ಟ್ರೆಚರ್ ಒಂದು ಕಡೆ ವಾಲಿತು.

"ಅಯ್ಯೋ, ಬೀಳಿಸ್ತೀಯೇನಪ್ಪಾ!" ಪೆಲಗೇಯಾ ಎರಡೂ ಕೈಯಲ್ಲಿ ಅಂಚು ಅವಚಿಕೊಂಡಳು. ಮುಖ ಸುಣ್ಣವಾಗಿತ್ತು.

ಇಳಿಸಿದರು. ಪಟ್ಟಿ ಕಿತ್ತರು. ಈ ಸಲ ಅವಳು ತೊಟ್ಟಿಲಲ್ಲಿ ಮಲಗಿದ ಮಗುವಿನ ಹಾಗೆ ಅಲುಗಾಡದೆ ಒಳಗೆ ಹೋದಳು.

ರೋಸ್ತಿಸ್ಲಾವ್ ರಕ್ತ ಬಂದ ಗೆಣ್ಣನ್ನು ಚೀಪಿಕೊಂಡ. ಆಮೇಲೆ ಕಿವಿಯ ಮೇಲಿನ ಪೆನ್ಸಿಲ್ ತೆಗೆದು, ನಕ್ಷೆಯ ಅರವತ್ತನ್ನು ಹೊಡೆದುಹಾಕಿ ಅರವತ್ತೆಂಟು ಬರೆದ.

"ತೂಕ ಬೇರೆ ಎಲ್ಲಾದ್ರೂ ಇಳಿಸ್ತೀನಿ. ರಾತ್ರಿಯೆಲ್ಲ ಕೂರ್ಬೇಕು ಅಷ್ಟೇ. ತಪ್ಪು ತಿಳ್ಕೋಬೇಡಿ ಸಾವ್ವಿಚ್," ಎಂದು ನಕ್ಷೆ ಸುರುಳಿ ಸುತ್ತಿಕೊಂಡು ದಡದಡನೆ ಹೊರಟ.

ಎವ್ಸೇಯ್ ಒಳಗೆ ಬಗ್ಗಿ ನೋಡಿದ. "ಮನೆಗೆ ಹೋಗೋಣ್ವೇನೆ?"

ಪೆಲಗೇಯಾ ಅವನು ನಯ ಮಾಡಿದ ಪಕ್ಕದ ಹಲಗೆಯನ್ನು ಅಂಗೈಯಿಂದ ಸವರುತ್ತಿದ್ದಳು. "ಇಷ್ಟು ಚೆನ್ನಾಗಿ ಮಾಡ್ತೀಯ ಅಂತ ಒಂದಿನ ಆದ್ರೂ ಹೇಳಿದ್ಯಾ? ಬಾ, ಇಲ್ಲಿ ಕೂತ್ಕೋ ಸ್ವಲ್ಪ."

ಅವನು ಅವಳ ತಲೆಯ ಬಳಿ ನೆಲದ ಮೇಲೆ ಕುಳಿತ.

"ಎಲ್ಲಿಗೆ ಕರ್ಕೊಂಡು ಹೋಗ್ಲಿ ಹೇಳು, ಪೋಲ್ಯಾ?"

"ಎಲ್ಲಿಗೂ ಬೇಡ. ಬಾಗ್ಲು ಹಾಕು, ಚಳಿ ಬರ್ತಿದೆ."