ಕಾಕಾನ ತಲೆಯೊಳಗಿನ ಚೀಲ

ಕುಡುಕರ ನಡಿಗೆ ಮಾಡಿ ತೋರಿಸುವುದರಲ್ಲಿ ನಮ್ಮೂರು ನೇಸರಗಿಯಲ್ಲಿ ನನ್ನನ್ನು ಮೀರಿಸುವವರಿಲ್ಲ. ಹೋದ ತಿಂಗಳು ನಮ್ಮ ಬಸಪ್ಪ ಕಾಕಾನ ನಡಿಗೆಯನ್ನೂ ಮಾಡಿದೆ. ಎಡಗಾಲು ಎಳೆದೆ, ನಾಲಿಗೆ ದಪ್ಪ ಮಾಡಿದೆ. ಚಹಾದಂಗಡಿಗೆ ಅಂಗಡಿಯೇ ಬಿದ್ದು ಬಿದ್ದು ನಕ್ಕಿತು. (ಕನ್ನಡಿ ಮುಂದೆ ಪ್ರಾಕ್ಟೀಸ್ ಬೇರೆ ಮಾಡಿದ್ದೆ. ನಾಚಿಕೆಗೇಡು.)

ಕಾಕಾ ಎಪ್ಪತ್ತು ದಾಟಿದವರು. ಚಹಾಕ್ಕಿಂತ ಖಡಕ್ಕಾದದ್ದನ್ನು ತುಟಿಗೆ ಹಚ್ಚಿದವರಲ್ಲ. ಆದರೂ ಸೋಮವಾರದ ಭಜನೆಯಲ್ಲಿ ಅವರ ತಾಳ ತಪ್ಪತೊಡಗಿದಾಗ, ಮಂಡಳಿಯ ಹಿರಿಯ ಗುರಪ್ಪನವರು ಎಲ್ಲರೆದುರೇ ಅವರ ಕೈಯೊಳಗಿನ ತಾಳಗಳನ್ನು ಕಸಿದುಕೊಂಡರು.

“ಏನ್ ಬಸಪ್ಪ, ಗುಡಿಗೆ ಬರೂಮುಂದರ ಬಿಟ್ಟು ಬರಬಾರದ?”

“ಇಲ್ಲೋ ಗುರಪ್ಪಾ, ಕೈಯಾಗ ಕಸುವ ಇಲ್ಲ…”

“ಹೌದಪಾ, ಬಾಟ್ಲಿ ಎತ್ತಾಕ ಮಾತ್ರ ಐತಿ!”

ಎಪ್ಪತ್ತು ವರ್ಷದ ನಡತೆಗಿಂತ ಎರಡು ವಾರದ ನಡಿಗೆ ಹೆಚ್ಚಾಯಿತೇ? ಒಬ್ಬರಾದರೂ ಹತ್ತಿರ ಹೋಗಿ ಬಾಯಿ ಮೂಸಿದರೇ? ಕಾಕಾ ಭಜನೆಗೆ ಹೋಗುವುದನ್ನೇ ಬಿಟ್ಟರು. ಒಂದು ವಾರದಲ್ಲಿ ಹಾಸಿಗೆಯಿಂದ ಏಳಲಾರದಾದರು.

ಬೆಳಗಾವಿಗೆ ಒಯ್ದೆವು. ಸ್ಕ್ಯಾನ್ ನೋಡಿದ ಡಾಕ್ಟರ್ ಮೇಡಂ, “ತಲಿಗೆ ಪೆಟ್ಟು ಬಿದ್ದಿತ್ತೇನ್ರಿ?” ಎಂದರು. ಕಾಕಾನ ಹೆಂಡತಿಗೆ ಆಗ ನೆನಪಾಯಿತು.

“ಹೌದ್ರೀ, ಎರಡು ತಿಂಗಳ ಹಿಂದ ಚಚಡಿ ಊರಾಗ ಬೀಗರ ಮನಿ ಗಿಡ್ಡ ಬಾಗಲಾ ಬಡದಿತ್ತು. ಎಣ್ಣಿ ಹಚ್ಚಿ ತಿಕ್ಕಿದ್ನಿ, ಅಷ್ಟ.”

ಮೇಡಂ ಬಿಡಿಸಿ ಹೇಳಿದರು. ಅಂದು ಮಿದುಳಿನ ಹೊದಿಕೆಯ ಕೆಳಗೆ ಒಂದಿಷ್ಟು ರಕ್ತ ಒಸರಿದೆ. ದೇಹ ಅದರ ಸುತ್ತ ಪೊರೆ ಕಟ್ಟಿದೆ. ವಾಸಿ ಮಾಡಲೆಂದೇ! ಆದರೆ ಆ ಪೊರೆಯಲ್ಲಿ ಹೊಸ ರಕ್ತನಾಳಗಳು ಹುಟ್ಟಿದವು. ತೀರಾ ಎಳೆಯವು, ನಾಜೂಕಿನವು. ಅವೂ ಒಸರಿದವು. ಚೀಲ ಹಿಗ್ಗುತ್ತ ಹಿಗ್ಗುತ್ತ ಮಿದುಳನ್ನೇ ಒತ್ತಿತು. ಕಾಲು ಎಳೆದದ್ದು, ಮಾತು ತೊದಲಿದ್ದು, ತಾಳ ತಪ್ಪಿದ್ದು ಎಲ್ಲ ಅದರಿಂದ.

“ಇನ್ನೂ ತಡಾ ಮಾಡಿದ್ರ ಉಳೀತಿರಲಿಲ್ರಿ,” ಎಂದರು.

ಬುರುಡೆಗೆ ಎರಡು ತೂತು ಕೊರೆದರು. ಹಳೆಯ ಎಂಜಿನ್ ಆಯಿಲ್‌ನಂಥದು ಹೊರಬಂತು. ಮೂರನೇ ದಿನ ಕಾಕಾನ ನಾಲಿಗೆ ನೆಟ್ಟಗಾಯಿತು. ಮೊದಲ ಬೈಗುಳ ನನಗೇ.

“ನನ್ನ ನಡಿಗಿ ಭಾಳ ಚಂದ ಮಾಡತಿ ಅಂತಲ್ಲೋ, ಮಂಗ್ಯಾ! ಅಷ್ಟು ಸೂಕ್ಷ್ಮ ನೋಡಾಂವ, ಕಾಲು ಎಳ್ಯಾಕತ್ತೈತಿ ಅಂತ ನನಗ ಯಾಕ ಹೇಳಲಿಲ್ಲ?”

ನಾನು ಅದೇ ಎಡಗಾಲನ್ನು ಒತ್ತುತ್ತ ಕೂತೆ.

ಊರಿಗೆ ಮರಳಿದ ಮೇಲೆ ಗುರಪ್ಪನವರು ಮಾತನಾಡಿಸಲು ಬಂದರು. ತಪ್ಪಾಯಿತು ಅನ್ನುತ್ತಾರೆಂದು ಕುರ್ಚಿ ಒರೆಸಿ ಕೊಟ್ಟೆ. (ನಾನೆಂಥ ಪೆದ್ದ!) ಕಾಕಾ ನೆಟ್ಟಗೆ ನಡೆದು ಬಂದದ್ದನ್ನು ಕಂಡು ಅವರ ಮುಖ ಅರಳಿತು.

“ಭೇಷ್ ಬಸಪ್ಪ! ಅಂತೂ ಬಿಡಿಸ್ಕೊಂಡು ಬಂದಿ. ಎಂಟ ದಿನದಾಗ ಕುಡಿಯೂದು ಬಿಡಸತಾರಂದ್ರ ಭಾರಿ ದವಾಖಾನಿ ಅದು!”

ಕಾಕಾನ ತಲೆಯಲ್ಲಿ ತುಂಬಿದ್ದನ್ನು ಡಾಕ್ಟರು ತೆಗೆದರು; ಗುರಪ್ಪನವರ ತಲೆಗೆ ಎಲ್ಲಿ ಕೊರೆಯಬೇಕು, ಹೇಳಿ?