ಕೊಟ್ಟಿಗೆಯ ಗೋಡೆಗೆ ಹಿಂಡಿದ ಹಾಲು

ಶಂಕರಮ್ಮ ತನ್ನ ಎದೆಯ ಹಾಲನ್ನು ಕೊಟ್ಟಿಗೆಯ ಗೋಡೆಗೆ ಹಿಂಡುತ್ತಿದ್ದಳು. ನೆಲಕ್ಕೆ ಹಿಂಡಿದರೆ ಯಾರಾದರೂ ತುಳಿದಾರು, ಹಾಲು ಬತ್ತೀತು ಎಂಬ ಮಾತು ಆ ಸೀಮೆಯಲ್ಲಿತ್ತು; ಆದ್ದರಿಂದ ಗೋಡೆಗೆ. ಹಾಲು ಇಳಿದ ಕಡೆ ಮಣ್ಣು ಕಪ್ಪಾಗಿ, ಕೆಂಜಿರುವೆಗಳು ಸಾಲುಗಟ್ಟಿದ್ದವು. ಅಂಗಳದಾಚೆ, ಒಳಮನೆಯಲ್ಲಿ, ಅವಳ ಏಳು ತಿಂಗಳ ಮಗಳು ದೇವೀರಿ ಹಸಿದು ಅಳುತ್ತಿದ್ದಳು. ತಾಯಿಯ ಎದೆ ಕಲ್ಲಾಗಿತ್ತು, ಮಗುವಿನ ಹೊಟ್ಟೆ ಬರಿದಾಗಿತ್ತು, ನಡುವೆ ಇದ್ದದ್ದು ಅತ್ತೆ ಹುಚ್ಚಮ್ಮನ ಮಡಿ.

ಶಂಕರಮ್ಮ ಹತ್ತಿರದ ಅಜ್ಜಂಪುರದ ಸರ್ಕಾರಿ ದವಾಖಾನೆಯ ಸೂಲಗಿತ್ತಿ. ಕಾಗದದಲ್ಲಿ ಅವಳ ಹುದ್ದೆಗೆ ಮಿಡ್‌ವೈಫ್ ಎಂದು ಬರೆದಿತ್ತು. ಆ ಹುದ್ದೆಗೆ ಅವಳನ್ನು ಕಳುಹಿಸಿದವನು ಮಾವ ದೊಡ್ಡಬೀರಪ್ಪ. ಅವನ ಹೆಂಡತಿ ಹುಚ್ಚಮ್ಮ ಹೆತ್ತ ಮಕ್ಕಳಲ್ಲಿ ಮೂರು ಹುಟ್ಟಿದ ಎಂಟನೆಯ ದಿನ ಬಾಯಿ ಕಚ್ಚಿಕೊಂಡು, ಬಿಲ್ಲಿನ ಹಾಗೆ ಬಾಗಿ ಸತ್ತಿದ್ದವು. ಹುಚ್ಚಮ್ಮ ಅದನ್ನು ಗಾಳಿ ಎಂದಳು. ದವಾಖಾನೆಯ ಡಾಕ್ಟರರು, "ಗಾಳಿಯಲ್ಲ ಗೌಡರೆ, ಹೊಕ್ಕುಳುಬಳ್ಳಿ ಕೊಯ್ದ ಕುಡುಗೋಲು, ಅದರ ಮೇಲೆ ಹಚ್ಚಿದ ಬೆರಣಿ ಬೂದಿ" ಎಂದರು. ದೊಡ್ಡಬೀರಪ್ಪ ಬಹಳ ದಿನ ಆ ಮಾತನ್ನು ಮೆಲುಕು ಹಾಕಿದ. ಸರ್ಕಾರದವರು ಓದುಬರಹ ಬಲ್ಲ ಹೆಂಗಸರನ್ನು ಹೆರಿಗೆಯ ವಿದ್ಯೆ ಕಲಿಯಲು ಕರೆಯುತ್ತಿದ್ದಾರೆಂದು ತಿಳಿದಾಗ, ನಾಲ್ಕನೆಯ ತರಗತಿಯವರೆಗೆ ಓದಿದ್ದ ಸೊಸೆಯನ್ನು ತಾನೇ ರೈಲು ಹತ್ತಿಸಿ ಮೈಸೂರಿಗೆ ಬಿಟ್ಟುಬಂದ. ಒಂದು ವರ್ಷ ಕಲಿತು ಅವಳು ಹಿಂದಿರುಗಿದಳು. ಅದಾದ ಎರಡನೆಯ ವರ್ಷ ದೊಡ್ಡಬೀರಪ್ಪ ತೀರಿಕೊಂಡ. ಮನೆಯ ಬೀಗದ ಕೈ ಹುಚ್ಚಮ್ಮನ ಸೊಂಟಕ್ಕೆ ಬಂತು.

ಹುಚ್ಚಮ್ಮ ಕೆಲಸ ಬಿಡು ಎಂದು ಒಂದು ದಿನವೂ ಹೇಳಲಿಲ್ಲ. ಸಂಬಳ ಬೇಡವೆನ್ನುವಷ್ಟು ಮಡಿ ಅವಳಿಗಿರಲಿಲ್ಲ. ಅವಳು ಮಾಡಿದ್ದು ಇಷ್ಟೇ: ಹೆರಿಗೆ ಮಾಡಿಸಿ ಬಂದ ಸೊಸೆ ಹಿತ್ತಲಲ್ಲಿ ಸ್ನಾನ ಮಾಡಿ, ಒಂದು ಹಗಲು ಒಂದು ರಾತ್ರಿ ಕೊಟ್ಟಿಗೆಯ ಮೂಲೆಯಲ್ಲಿರಬೇಕು. ಊರಾಚೆಯ ಕೇರಿಯ ಹೆರಿಗೆಯಾದರೆ ಮೂರು ದಿನ. ಅಲ್ಲಿಯವರೆಗೆ ಮಗುವನ್ನು ಮುಟ್ಟುವಂತಿಲ್ಲ. ತಿಂಗಳಿಗೆ ಹತ್ತು ಹನ್ನೆರಡು ಹೆರಿಗೆ ಬರುತ್ತಿದ್ದವು. ಲೆಕ್ಕ ಬಾರದವರೂ ಹೇಳಬಹುದಿತ್ತು, ದೇವೀರಿಗೆ ತಾಯಿ ಎಷ್ಟು ದಿನ ಸಿಕ್ಕಿದಳೆಂದು.

"ಊರೋರ ಕೊಳೆಲ್ಲಾ ಕೈಯಾಗೆ ತುಂಬ್ಕಂಡ್ ಬತ್ತೀಯ. ಆ ಕೈಲಿ ನನ್ ಮೊಮ್ಮಗೀನ ಮುಟ್ತೀಯಾ? ಹೇಸಿಗೆಯಾಗಕಿಲ್ವೇನೆ ನಿಂಗೆ?" ಎನ್ನುತ್ತಿದ್ದಳು ಹುಚ್ಚಮ್ಮ.

"ಸೋಪ್ ಹಾಕಿ ಮೊಣಕೈ ತಂಕ ಉಜ್ಜೀನಿ ಅತ್ತೆ."

"ಸೋಪು ಕೊಳೆ ತೆಗೀತದೆ. ಮೈಲಿಗೆ ತೆಗಿಯಕ್ಕೆ ಅದೇನ್ ಗಂಗೆಯೇನೆ?"

ಗಂಡ ರೇವಣಪ್ಪ ಎಮ್ಮೆದೊಡ್ಡಿ ಕಾವಲಿನ ಹುಲ್ಲುಬಯಲಿನಲ್ಲಿ ಅಮೃತಮಹಲ್ ದನಗಳನ್ನು ಕಾಯುತ್ತಿದ್ದ. ಎರಡು ಮೂರು ತಿಂಗಳಿಗೊಮ್ಮೆ ಮನೆಗೆ ಬರುವವನು. ಅವನಿಗೆ ಹೇಳಿದಳು. ಅವನು ಜಗಲಿಯ ಮೇಲೆ ಕುಳಿತು ಎಲೆಗೆ ಸುಣ್ಣ ಸವರುತ್ತ, "ಅವ್ವ ಹೇಳ್ದಂಗೆ ಒಸಿ ದಿನ ಇರು. ಮಗು ಬೆಳೆದ್‌ ಮೇಲೆ ತಾನೇ ಸರಿ ಹೋಯ್ತದೆ," ಎಂದ.

"ನಿಮ್ ಕಾವಲಾಗೆ ಕರಾನ ತಾಯಿಂದ ಬಿಡಿಸಿ ಕಟ್ಟಾಕ್ತೀರಾ?"

"ಕರಾ ಸಾಯ್ತದಲ್ಲೇ. ಸರ್ಕಾರದ ದನ," ಎಂದ ರೇವಣಪ್ಪ. ತಾನು ಹೇಳಿದ್ದೇನೆಂದು ಅವನಿಗೆ ಹೊಳೆಯಲಿಲ್ಲ. ಎಲೆ ಮಡಿಚಿ ಬಾಯಿಗಿಟ್ಟುಕೊಂಡ. ಆ ಬಾಯಿ ಆಡುವುದನ್ನು ನೋಡುತ್ತ ಶಂಕರಮ್ಮನಿಗೆ ಮೊದಲ ಬಾರಿ ಗಂಡನ ಮೇಲೆ ಅಸಹ್ಯವುಂಟಾಯಿತು.

ತಾಯಿ ಕೊಟ್ಟಿಗೆಯಲ್ಲಿದ್ದಾಗ ಮಗುವಿಗೆ ಒಳಲೆಯಲ್ಲಿ, ಹಾಲೂಡಿಸುವ ಮೂತಿಯ ಬಟ್ಟಲಿನಲ್ಲಿ, ಹಸುವಿನ ಹಾಲು. ಒಂದು ದಿನ ಅದನ್ನು ತೊಳೆಯಲೆಂದು ಶಂಕರಮ್ಮ ಕೈಗೆತ್ತಿಕೊಂಡಳು. ಮೂತಿಯೊಳಗೆ ಕಡ್ಡಿ ತೂರಿಸಿ ಎಳೆದರೆ ಹಳದಿ ಹಸಿರಾದ ಅಂಟು, ಹುಳಿನಾತ. ಹುಚ್ಚಮ್ಮ ಅದನ್ನು ಸೆರಗಿನಲ್ಲಿ ಒರೆಸಿ ಗೂಡಿನಲ್ಲಿಡುತ್ತಿದ್ದಳು. ನೊಣಗಳು ಮೊದಲು ಕುಡಿದು, ಅನಂತರ ಮಗುವಿಗೆ. ದೇವೀರಿಗೆ ಹದಿನೈದು ದಿನಗಳಿಂದ ಭೇದಿ. ಕೆನ್ನೆ ಒಳಗೆ ಹೋಗಿತ್ತು, ನೆತ್ತಿಯ ಸುಳಿ ತಗ್ಗಾಗಿತ್ತು. ಸುಳಿ ತಗ್ಗಾದ ಮಕ್ಕಳು ಏನಾಗುತ್ತವೆಂಬುದನ್ನು ಶಂಕರಮ್ಮ ಮೈಸೂರಿನಲ್ಲಿ ಕಲಿತಿದ್ದಳು. ಒಳಲೆಯನ್ನು ಬಿಸಾಡಿ, ಎದೆಹಾಲು ಬಿಡಿಸಬೇಡಿ ಎಂದು ಅವಳು ಮನೆಮನೆಯಲ್ಲಿ ಹೇಳಿ ಬರುತ್ತಿದ್ದಳು. ಹೇಳಿ ಬಂದು ಗೋಡೆಗೆ ಹಿಂಡುತ್ತಿದ್ದಳು. ಅತ್ತೆಯ ಮೇಲಿನ ಹೇಸಿಗೆಗಿಂತ ತನ್ನ ಮೇಲಿನ ಹೇಸಿಗೆ ಹೆಚ್ಚಾಗತೊಡಗಿತ್ತು.

ಆಗ ನಾದಿನಿ ಜಯಲಕ್ಷ್ಮಮ್ಮ ಚೊಚ್ಚಲ ಬಾಣಂತನಕ್ಕೆ ಸಿಂಗಟಗೆರೆಯಿಂದ ತವರಿಗೆ ಬಂದಳು. ಹತ್ತೊಂಬತ್ತು ವರ್ಷದ, ನಗುಮುಖದ ಹುಡುಗಿ. "ನೀನೇ ಮಾಡ್ಸು ಅತ್ಗೆ," ಎಂದು ಬಂದ ದಿನವೇ ಕೇಳಿದಳು. ಹುಚ್ಚಮ್ಮ ಅದನ್ನು ಕೇಳಿಸಿಕೊಂಡು, "ಕೇರಿ ತಿರುಗೋ ಕೈ ನನ್ ಮಗಳ ಮೈ ಮುಟ್ಟಬಾರದು. ನಂಗೆ ಮಾಡ್ಸಿದ್ ಯಲ್ಲಮ್ಮ ಇನ್ನೂ ಗಟ್ಟಿಮುಟ್ಟಾಗವ್ಳೆ," ಎಂದಳು. ಮೂರು ಕೂಸುಗಳನ್ನು ಕುಡುಗೋಲಿನಿಂದ ಬೀಳ್ಕೊಟ್ಟ ಮುದುಕಿ ಆ ಯಲ್ಲಮ್ಮ.

ನೋವು ಕಾಣಿಸಿಕೊಂಡದ್ದು ಒಂದು ಬೆಳಗ್ಗೆ. ಹಿಂದಿನ ದಿನವೇ ಶಂಕರಮ್ಮ ಕೇರಿಯಲ್ಲಿ ಹೆರಿಗೆ ಮಾಡಿಸಿ ಬಂದು ಕೊಟ್ಟಿಗೆಯಲ್ಲಿದ್ದಳು. ಯಲ್ಲಮ್ಮ ಒಳಗೆ ಹೋದಳು, ಬಾಗಿಲು ಮುಚ್ಚಿತು, ಕಿಟಕಿಗೆ ಗೋಣಿ ಬಿತ್ತು, ಹೊಗೆ ಎದ್ದಿತು. ಹೊತ್ತು ಏರಿತು. ನಡುಹಗಲಿನ ವೇಳೆಗೆ ಜಯಲಕ್ಷ್ಮಮ್ಮನ ಕೂಗು ಕುಗ್ಗಿ ಮುಲುಕಾಯಿತು. "ಅತ್ಗೆ, ಅತ್ಗೆ" ಎಂಬುದಷ್ಟೇ ಕೇಳುತ್ತಿತ್ತು. ಕೊನೆಗೆ ಹುಚ್ಚಮ್ಮ ತಾನೇ ಅಂಗಳ ದಾಟಿ ಕೊಟ್ಟಿಗೆಯ ಬಾಗಿಲಿಗೆ ಬಂದು ನಿಂತಳು.

"ಕಾಲು ಮುಂದಾಗಿ ಬಂದೈತಂತೆ. ಬಾರೆ ಒಸಿ."

"ನಾನು ಮೈಲಿಗೆಲಿದೀನಲ್ಲ ಅತ್ತೆ. ಇನ್ನೂ ಎರಡ್ ದಿನ ಐತೆ."

"ಈಗ್ಯಾಕೆ ಆ ಮಾತು? ಆಪತ್ತಿಗೆ ಮಡಿ ಇಲ್ಲ."

ದೇವೀರಿಯನ್ನು ನನಗೆ ಬಿಟ್ಟುಕೊಡುತ್ತೇನೆಂದು ಭಾಷೆ ಕೊಡಿ, ಆಮೇಲೆ ಬರುತ್ತೇನೆ ಎಂಬ ಮಾತು ಶಂಕರಮ್ಮನ ನಾಲಿಗೆಯ ತುದಿಯವರೆಗೆ ಬಂತು. ಕೇಳಿದ್ದರೆ ಆ ಗಳಿಗೆಯಲ್ಲಿ ಹುಚ್ಚಮ್ಮ ಕೊಡುತ್ತಿದ್ದಳು. ಆದರೆ ಒಳಗೆ ನರಳುತ್ತಿದ್ದ ಹುಡುಗಿಯ ಜೀವವನ್ನು ತಕ್ಕಡಿಗೆ ಹಾಕುವ ಆ ಯೋಚನೆಯೇ ಅವಳಿಗೆ ಹೇಸಿಗೆಯೆನಿಸಿತು. ತಾನೂ ಈ ಮನೆಯವಳೇ ಆಗಿಬಿಟ್ಟೆನೆ ಎನ್ನಿಸಿತು. ಪೆಟ್ಟಿಗೆ ಎತ್ತಿಕೊಂಡು ಎದ್ದಳು.

ಕೋಣೆಯೊಳಗಿನ ನಾತ ಮುಖಕ್ಕೆ ಹೊಡೆಯಿತು. ಹೊಗೆ, ಹರಳೆಣ್ಣೆ, ಬೆವರು, ರಕ್ತ. ಹುಡುಗಿಯನ್ನು ದನದ ಗಂಜಲ ಹೀರಿದ ಹಳೆಯ ಗೋಣಿಯ ಮೇಲೆ ಕೂರಿಸಿದ್ದರು. ಮನೆಯಲ್ಲಿದ್ದ ಚಿಂದಿಯೆಲ್ಲ ಅಲ್ಲಿತ್ತು. ಹೇಗೂ ಮೈಲಿಗೆಯಾಗುವ ಜಾಗ, ಒಳ್ಳೆಯ ಬಟ್ಟೆ ಯಾಕೆ ಎಂಬ ಜಾಣತನ. ಪಕ್ಕದಲ್ಲಿ ಹುಲ್ಲು ಕೊಯ್ಯುವ ಕುಡುಗೋಲು. ತೆಂಗಿನ ಚಿಪ್ಪಿನಲ್ಲಿ ಬೆರಣಿಯ ಬೂದಿ. ಯಲ್ಲಮ್ಮನ ಬೆರಳುಗಳ ಉಗುರಿನಲ್ಲಿ ಕಪ್ಪು. ಮನೆಗೆ ಲಕ್ಷ್ಮಿ ಬರಲಿ ಎಂದು ಹೊಸಿಲಿಗೆ ಅರಿಸಿನ ಬಳಿಯುವ ಜನ, ಮಗು ಬರುವ ದಾರಿಯನ್ನು ತಿಪ್ಪೆ ಮಾಡಿಟ್ಟಿದ್ದರು.

ಶಂಕರಮ್ಮ ಗೋಣಿ ಕಿತ್ತು ಕಿಟಕಿ ತೆರೆದಳು. ಒಗೆದ ಸೀರೆ ಹಾಸಿಸಿದಳು. ಕುದಿಯುವ ನೀರು, ಸೋಪು, ಕತ್ತರಿ. ಮಗುವಿನ ಸೊಂಟ ಬಂದಿತು, ಭುಜ ಬಂದಿತು. ತಲೆಗೆ ಅವಸರಿಸದೆ, ಎಳೆಯದೆ, ಎರಡು ಬೆರಳುಗಳ ಆಸರೆ ಕೊಟ್ಟು, "ಈಗ ಮುಕ್ಕರಿ ಜಯಾ, ಇದೊಂದ್ ಸಲ ಕಣವ್ವ," ಎಂದಳು. ಗಂಡು ಕೂಸು. ನೀಲಿಯಾಗಿತ್ತು. ಬಾಯಿ ಒರೆಸಿ, ಬೆನ್ನು ತೀಡಿದ ಮೇಲೆ ಅತ್ತಿತು. ಯಲ್ಲಮ್ಮ ಬೂದಿಯ ಚಿಪ್ಪು ಹಿಡಿದು ಮುಂದೆ ಬಂದಳು. ಶಂಕರಮ್ಮ ಅದನ್ನು ಅವಳ ಕೈಯಿಂದ ತೆಗೆದುಕೊಂಡು ಕಿಟಕಿಯಾಚೆ ಎಸೆದಳು.

ಹುಚ್ಚಮ್ಮ ಒಳಗೆ ನುಗ್ಗಿ ಮೊಮ್ಮಗನನ್ನು ಎತ್ತಿಕೊಂಡಳು. ಮೈಮೇಲಿನ ಲೋಳೆಯನ್ನೂ ನೋಡದೆ ಮುತ್ತಿಟ್ಟಳು, ಎದೆಗೊತ್ತಿಕೊಂಡಳು, ಅತ್ತಳು. ಅದು ತಾಯಿಯಾದವಳ ಅಳು. ಅಷ್ಟರಲ್ಲಿ ನಡುಮನೆಯಲ್ಲಿ ದೇವೀರಿ ಎಚ್ಚೆತ್ತು ಅತ್ತಿತು. ಹುಚ್ಚಮ್ಮ ಕೂಸನ್ನು ಮಗಳ ಪಕ್ಕದಲ್ಲಿ ಮಲಗಿಸಿ, ಅದೇ ಕೈಯಲ್ಲಿ, ರಕ್ತ ಆರದ ಅದೇ ಕೈಯಲ್ಲಿ, ದೇವೀರಿಯನ್ನು ಎತ್ತಿಕೊಂಡು ಒಳಲೆಯನ್ನು ಬಾಯಿಗಿಟ್ಟಳು. ಇಟ್ಟುಕೊಂಡೇ ಹೇಳಿದಳು: "ನೀನಿನ್ನು ಕೊಟ್ಟಿಗೇಗ್ ಹೋಗು. ಸ್ನಾನಕ್ಕೆ ನೀರು ಹುಯ್ಯಿಸ್ತೀನಿ. ಮಗೀನ್ ಹತ್ರ ಬರ್ಬ್ಯಾಡ."

ಶಂಕರಮ್ಮ ಆ ಕೈಯನ್ನು ನೋಡಿದಳು. ಆ ಒಳಲೆಯನ್ನು ನೋಡಿದಳು.

"ಇವತ್ತಿಂದ ಈ ಮನೇಗೇ ಹನ್ನೊಂದ್ ದಿನ ಸೂತಕ ಅತ್ತೆ. ನಿಮ್ ಕೈಗಿಲ್ದಿದ್ ಮೈಲಿಗೆ ನನ್ ಎದೆಗೆ ಎಲ್ಲಿಂದ ಬಂತು?"

"ನಾನು ಹೆತ್ತೋಳ ಅವ್ವ ಕಣೇ. ನೀನು ಮಾಡ್ಸೋಕೆ ಬಂದೋಳು."

"ಆಯ್ತು. ಮಾಡ್ಸಾಯ್ತು," ಎಂದಳು ಶಂಕರಮ್ಮ.

ಹಿತ್ತಲಿಗೆ ಹೋಗಿ ಮೈಗೆ ನೀರು ಸುರಿದುಕೊಂಡು, ಸೋಪಿನಿಂದ ಕೈ ಉಜ್ಜಿ, ಒಗೆದ ಸೀರೆಯುಟ್ಟು ಮರಳಿದಳು. ಅತ್ತೆಯ ಕಂಕುಳಿನಿಂದ ಮಗುವನ್ನು ಬಿಡಿಸಿಕೊಳ್ಳಹೋದಳು. ಹುಚ್ಚಮ್ಮ ಬಿಡಲಿಲ್ಲ, ಮಗು ಕಿರುಚಿತು. ಒಳಗಿನಿಂದ ಜಯಲಕ್ಷ್ಮಮ್ಮನ ಬಳಲಿದ ದನಿ ಬಂತು: "ಬಿಡವ್ವ. ಅವಳ್ದೇ ಮಗು ಅದು." ಆಗ ಹುಚ್ಚಮ್ಮನ ಹಿಡಿತ ಸಡಿಲಿತು.

ಶಂಕರಮ್ಮ ಬೀದಿಯ ಜಗಲಿಯ ಮೇಲೆ, ಹೋಗಿ ಬರುವವರ ಕಣ್ಣೆದುರಿಗೇ, ಸೆರಗು ಮುಚ್ಚಿ ಮಗುವನ್ನು ಎದೆಗೆ ಹಚ್ಚಿದಳು. ದೇವೀರಿ ಮುಖ ತಿರುಗಿಸಿತು. ಒಳಲೆಯ ಸುಲಭದ ಧಾರೆಗೆ ಒಗ್ಗಿದ್ದ ಬಾಯಿ ಎಳೆಯುವುದನ್ನೇ ಮರೆತಿತ್ತು. ಆ ಹೊತ್ತಿನಲ್ಲಿ ಅವಳು ಅತ್ತಳು, ಹೆರಿಗೆಯ ಕೋಣೆಯಲ್ಲಿ ಅಳದವಳು. ತುಟಿಗೆ ಒಂದೊಂದೇ ಹನಿ ಹಿಂಡುತ್ತ, ತಾಳ್ಮೆಯಿಂದ ಕುಳಿತಳು. ನೆರಳು ಬೀದಿಯ ಆ ಬದಿಗೆ ಸರಿದ ಮೇಲೆ ಮಗು ಒಮ್ಮೆ ಎಳೆಯಿತು, ಬಿಟ್ಟಿತು, ಮತ್ತೆ ಎಳೆಯಿತು.

ಬಾಣಂತಿಯ ಆರೈಕೆಗೆ ಹನ್ನೊಂದು ದಿನ ಆ ಮನೆಯಲ್ಲಿಯೇ ಇದ್ದಳು, ದೇವೀರಿಯನ್ನು ಒಂದು ಗಳಿಗೆಯೂ ಕೆಳಗಿಳಿಸದೆ. ಹೊಸ ಕೂಸಿಗೆ ಎಂಟನೆಯ ದಿನ ದಾಟಿತು, ಬಾಯಿ ಕಚ್ಚಲಿಲ್ಲ. ಹುಚ್ಚಮ್ಮ ಅದನ್ನು ದೇವರ ದಯೆ ಎಂದು ಊರೆಲ್ಲ ಹೇಳಿಬಂದಳು. ಹನ್ನೆರಡನೆಯ ದಿನ ಶಂಕರಮ್ಮ ಒಂದು ಗಂಟು, ಒಂದು ಪೆಟ್ಟಿಗೆ, ಒಂದು ಮಗುವಿನೊಡನೆ ಅಜ್ಜಂಪುರದ ದವಾಖಾನೆಯ ಹಿಂದಿನ ಒಂದಂಕಣದ ಮನೆಗೆ ಬಂದಳು. ರೇವಣಪ್ಪ ಕಾವಲಿನಿಂದ ಬಂದು, "ಅವ್ವನ ಮಾನ ತೆಗೆದೆ," ಎಂದ. "ಒಳಗ್ ಬರೋದಾದ್ರೆ ಕೈ ತೊಳ್ಕಂಡ್ ಬನ್ನಿ," ಎಂದಳು. ತೊಳೆದುಕೊಂಡು ಬಂದ.

ಕರೆಯಲು ಬಂದವರಿಗೆ ಅವಳದು ಒಂದೇ ಮಾತು: ಮಗು ಜೊತೆಗೆ ಬರುತ್ತದೆ. ಅಮೃತಾಪುರದ ಚನ್ನಬಸಪ್ಪನೆಂಬ ಅನುಕೂಲವಂತ ಗಾಡಿ ತಂದವನು ಮೂಗು ಮುರಿದ. "ಹೆರಿಗೆ ಮನೆಗೆ ಕೈಗೂಸು ತರಬಾರದು ಕಣವ್ವ, ಕೆಟ್ ಶಕುನ."

"ಹಂಗಾದ್ರೆ ಶಕುನಾನೇ ಕರ್ಕಂಡ್ ಹೋಗಿ, ಅದೇ ಹೆರಿಗೆ ಮಾಡಿಸ್ಲಿ."

ಅವನು ಗಾಡಿಯಲ್ಲಿ ಜಾಗ ಮಾಡಿಕೊಟ್ಟ. ಅವನ ಸೊಸೆ ಸುಖವಾಗಿ ಹೆತ್ತಳು. ಮನೆಯವರು ಕೈಮುಗಿದರು, ತೆಂಗಿನಕಾಯಿ ಕೊಟ್ಟರು. ಅವಳು ಗಾಡಿ ಹತ್ತಿ ಕುಳಿತ ಮರುಗಳಿಗೆಯಲ್ಲಿಯೇ ಒಬ್ಬ ಹೆಂಗಸು ಸಗಣಿನೀರಿನ ಬಿಂದಿಗೆ ತಂದು, ಅವಳು ಇಳಿದುಹೋದ ಮೆಟ್ಟಿಲುಗಳ ಮೇಲೆ ಸುರಿದು ಗುಡಿಸತೊಡಗಿದಳು. ಗಾಡಿ ಹೊಡೆಯುವ ಲಕ್ಕಣ್ಣ ನಾಚಿ ಎತ್ತುಗಳನ್ನು ಬೇಗ ಹೊರಡಿಸಿದ.

"ನಿಲ್ಸಪ್ಪ," ಎಂದಳು ಶಂಕರಮ್ಮ. "ಮಗು ಹಸ್ದದೆ."

ಗಾಡಿಯಲ್ಲೇ ಆ ಮನೆಯ ಬಾಗಿಲಿಗೆ ಎದುರಾಗಿ ಕುಳಿತು, ದೇವೀರಿಗೆ ಹಾಲೂಡಿಸಿದಳು. ಚನ್ನಬಸಪ್ಪ ಹೊಸಿಲಲ್ಲಿ ನಿಂತು ನೆಲ ನೋಡಿದ. ಪೊರಕೆ ಹಿಡಿದವಳು ಗುಡಿಸುವುದನ್ನು ನಿಲ್ಲಿಸಬೇಕೋ ಮುಂದುವರಿಸಬೇಕೋ ತಿಳಿಯದೆ ನಿಂತಳು. ಮಗು ನಿಧಾನವಾಗಿ ಕುಡಿಯಿತು. ಶಂಕರಮ್ಮ ಅವಸರಪಡಿಸಲಿಲ್ಲ. ಒಂದು ಮಗ್ಗುಲು ಮುಗಿದ ಮೇಲೆ ಮತ್ತೊಂದಕ್ಕೆ ಹೊರಳಿಸಿಕೊಂಡಳು.